ಖುಷಿಗೆ ಕೊಡುವ ಕಾಸು

ಹೋಟೆಲಿನಲ್ಲಿ ಟಿಪ್ಸ್ ಕೊಡುವುದು ನಮ್ಮ ಕಾಲದ ಹೆಂಗಸರಿಗೆ ಗೊತ್ತಿದ್ದ ವಿದ್ಯೆಯಲ್ಲ. ಸಕಲೇಶಪುರದಿಂದ ಹಾಸನಕ್ಕೆ ಸೀರೆ ತರಲು ಹೋದರೆ, ‘ಫ್ಯಾಮಿಲಿ ರೂಂ’ ಎಂಬ ಹಲಗೆಯ ಗೂಡಿನೊಳಗೆ ಕೂತು ಮಸಾಲೆದೋಸೆ ತಿನ್ನುತ್ತಿದ್ದೆವು. ಬಿಲ್ಲು ಸೋಂಪಿನ ತಟ್ಟೆಯಲ್ಲಿ ಬಂದು ಯಜಮಾನರ ಮುಂದೆ ಕೂರುತ್ತಿತ್ತು. ಅವರು ನೋಟಿಟ್ಟು, ಚಿಲ್ಲರೆ ಬಂದ ಮೇಲೆ ಒಂದಿಷ್ಟು ಎತ್ತಿಕೊಂಡು ಒಂದಿಷ್ಟು ಬಿಟ್ಟು ಏಳುತ್ತಿದ್ದರು. ಎಷ್ಟು ಬಿಟ್ಟರು, ಯಾಕೆ ಬಿಟ್ಟರು ಎಂದು ನಾನು ಕೇಳಿದವಳಲ್ಲ. ಒಂದೇ ಒಂದು ಸಲ, ಎಂಟಾಣೆಯ ಬದಲು ಎರಡು ರೂಪಾಯಿ ಬಿಟ್ಟದ್ದನ್ನು ಕಂಡು, ‘ಅದರಲ್ಲಿ ಒಂದು ಮೊಳ ಮಲ್ಲಿಗೆ ಬರುತ್ತಿತ್ತು’ ಎಂದು ಹೊಟ್ಟೆ ಉರಿದುಕೊಂಡದ್ದು ನೆನಪಿದೆ. ಹೀಗೆ ನಲವತ್ತು ವರ್ಷ ಇನ್ನೊಬ್ಬರ ಕೈಯಲ್ಲಿದ್ದ ಈ ಲೆಕ್ಕ ಒಂದು ದಿನ ಇದ್ದಕ್ಕಿದ್ದಂತೆ ನನ್ನ ಬೆರಳ ತುದಿಗೆ ಬಂದಿತು. ಅದೂ ಎಲ್ಲಿ ಎನ್ನುತ್ತೀರಿ? ಅಮೆರಿಕದ ಒಂದು ಬೀರಿನ ಅಂಗಡಿಯಲ್ಲಿ.

2023ರ ಬೇಸಿಗೆಯಲ್ಲಿ ಟೆಕ್ಸಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಶನಿವಾರ ಸಂಜೆ, ‘ನಿನಗೊಂದು ತಮಾಷೆ ತೋರಿಸ್ತೀನಿ ಬಾ’ ಎಂದು ಮಗಳು, ಅಳಿಯ ಇಬ್ಬರೂ ಕರೆದುಕೊಂಡು ಹೋದರು. ಒಳಗೆ ಹೋದರೆ ಒಂದಿಡೀ ಗೋಡೆಗೆ ಸಾಲಾಗಿ ನಲ್ಲಿಗಳು! ಬಸ್‌ಸ್ಟ್ಯಾಂಡಿನ ಕುಡಿಯುವ ನೀರಿನ ತೊಟ್ಟಿಗೆ ಇರುತ್ತದಲ್ಲ, ಹಾಗೆ. ಪ್ರತಿ ನಲ್ಲಿಯ ಮೇಲೂ ಒಂದು ಪುಟ್ಟ ಟಿ.ವಿ. ಪರದೆ. ಬಾಗಿಲ ಬಳಿ ವಯಸ್ಸಿನ ಪುರಾವೆ ನೋಡಿ, ನಮ್ಮ ಬ್ಯಾಂಕ್ ಕಾರ್ಡನ್ನು ಉಜ್ಜಿಕೊಂಡು, ಕೈಗೊಂದು ಬೇರೆ ಕಾರ್ಡು ಕೊಡುತ್ತಾರೆ. ಆ ಕಾರ್ಡನ್ನು ಪರದೆಗೆ ತೋರಿಸಿದರೆ ನಲ್ಲಿ ತೆರೆದುಕೊಳ್ಳುತ್ತದೆ. ಬೇಕಾದಷ್ಟು ಹಿಡಿದುಕೊಳ್ಳಬಹುದು. ಔನ್ಸಿನ ಲೆಕ್ಕ, ಒಂದು ಔನ್ಸ್ ಎಂದರೆ ಸುಮಾರು 30 ಮಿಲಿ ಲೀಟರು, ನಮ್ಮ ಕಾಫಿ ಲೋಟದಲ್ಲಿ ಎರಡು ಗುಟುಕು ಅನ್ನಿ. ಪೆಟ್ರೋಲ್ ಬಂಕಿನಲ್ಲಿ ಅಂಕಿ ಓಡುವ ಹಾಗೆ ಪರದೆಯ ಮೇಲೆ ಅಂಕಿ ಓಡುತ್ತದೆ. ಒಬ್ಬರಿಗೆ ಇಷ್ಟು ಎಂಬ ಮಿತಿ ಮುಟ್ಟಿದರೆ ಕಾರ್ಡು ನಿಂತುಹೋಗುತ್ತದೆ. ಆಗ ಯಾರಾದರೂ ಬಂದು, ನೀವು ಇನ್ನೂ ನೆಟ್ಟಗೆ ನಿಂತಿದ್ದೀರೋ ಇಲ್ಲವೋ ನೋಡಿ ಮತ್ತೆ ಚಾಲೂ ಮಾಡಬೇಕು.

ಎಲ್ಲ ನಲ್ಲಿಯಲ್ಲೂ ಬೀರೇ ಬರುವುದಿಲ್ಲ. ಒಂದರಲ್ಲಿ ತಣ್ಣಗಿನ ಕಾಫಿ ಬರುತ್ತಿತ್ತು. ಕಾಫಿ ತೋಟದ ಊರಿನವಳು ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಹೋಗಿ ನಲ್ಲಿಗೆ ಲೋಟ ಹಿಡಿದು ಕಾಫಿ ಕುಡಿದೆ! ಲೋಟವನ್ನು ನೆಟ್ಟಗೆ ಹಿಡಿದೆನೋ ಏನೋ, ಮುಕ್ಕಾಲು ಪಾಲು ನೊರೆಯೇ ತುಂಬಿತು. ಯಂತ್ರಕ್ಕೆ ನೊರೆ ಯಾವುದು, ಕಾಫಿ ಯಾವುದು ಎಂಬ ಭೇದವಿಲ್ಲ, ಹರಿದದ್ದಕ್ಕೆಲ್ಲ ದುಡ್ಡು. ಅಷ್ಟರಲ್ಲಿ ಮೇಜು ಒರೆಸುತ್ತಿದ್ದ ಹುಡುಗಿಯೊಬ್ಬಳು ಬಂದು, ನನ್ನ ಕೈಮೇಲೆ ಕೈಯಿಟ್ಟು ಲೋಟವನ್ನು ವಾಲಿಸಿ ಹಿಡಿಯುವುದನ್ನು ತೋರಿಸಿಕೊಟ್ಟು, ನಕ್ಕು ಹೋದಳು.

ಹೊರಡುವಾಗ ಮಗಳು, ‘ಅಮ್ಮ, ನೀನೇ ಒತ್ತು’ ಎಂದು ಒಂದು ಪರದೆಯನ್ನು ನನ್ನ ಮುಂದೆ ತಿರುಗಿಸಿದಳು. ಬಿಲ್ಲಿನ ಕೆಳಗೆ ನಾಲ್ಕು ಚೌಕಗಳು: 18 ಪರ್ಸೆಂಟ್, 20, 25, ಕೊನೆಯದು ಟಿಪ್ ಬೇಡ. ನನಗೆ ನಗು ಬಂತು. ನನ್ನ ಕೈ, ನನ್ನ ಲೋಟ, ನಾನೇ ಬಡಿಸಿಕೊಂಡಿದ್ದು, ಟಿಪ್ಸ್ ಯಾರಿಗೆ? ನನಗೆ ನಾನೇ ಕೊಟ್ಟುಕೊಳ್ಳಲೇ? ದೊಡ್ಡ ಜಾಣತನ ಮಾಡುವವಳ ಹಾಗೆ ‘ಬೇಡ’ವನ್ನು ಒತ್ತಿಯೇಬಿಟ್ಟೆ. ಮಗಳ ಮುಖ ಸಣ್ಣದಾಯಿತು. ಆ ಹುಡುಗಿ ಅಲ್ಲೇ ಎದುರಿಗೆ ನಿಂತಿದ್ದಳು. ಆಗಲೂ ನಕ್ಕಳು. ಆದರೆ ಲೋಟ ಹಿಡಿಸಿದಾಗಿನ ನಗು ಅದಾಗಿರಲಿಲ್ಲ.

ಕಾರಿನಲ್ಲಿ ಮಗಳು ಪಾಠ ಹೇಳಿದಳು. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅದು ಏರಿಲ್ಲ. ಟಿಪ್ಸ್ ಬರುವ ಕೆಲಸವಾದರೆ ಮಾಲೀಕ ಕೈಯಿಂದ 2.13 ಡಾಲರ್ ಕೊಟ್ಟರೂ ಸಾಕು, ಉಳಿದದ್ದನ್ನು ಗಿರಾಕಿ ತುಂಬಿಕೊಡಬೇಕು. ಗಿರಾಕಿಗಳಿಂದ ಅಷ್ಟು ಬಾರದಿದ್ದರೆ ಮಾತ್ರ ಮಾಲೀಕ ಕೊರತೆ ತುಂಬಬೇಕು. ಈ 2.13 ಎಂಬುದು 1991ರಿಂದ ಹಾಗೇ ನಿಂತಿದೆ. ಕೆಲವು ರಾಜ್ಯಗಳು ತಾವೇ ಹೆಚ್ಚು ಮಾಡಿಕೊಂಡಿವೆ, ಟೆಕ್ಸಾಸ್ ಮಾಡಿಕೊಂಡಿಲ್ಲ. ಇದರ ಬೇರು ಇನ್ನೂ ಕಹಿ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, ಪುಲ್ಮನ್ ಕಂಪನಿ ತನ್ನ ರೈಲುಗಳ ಮಲಗುವ ಬೋಗಿಗಳಿಗೆ ಕಪ್ಪು ಜನರನ್ನೇ ಕೆಲಸಕ್ಕೆ ಸೇರಿಸಿಕೊಂಡು, ಸಂಬಳ ಚೂರು ಕೊಟ್ಟು, ಉಳಿದದ್ದನ್ನು ಪ್ರಯಾಣಿಕರ ಕೈ ನೋಡಿ ಎಂದಿತ್ತಂತೆ. ಟಿಪ್ಸ್ ಎಂಬುದು ಮನುಷ್ಯನನ್ನು ಕೀಳು ಮಾಡುವ ಪದ್ಧತಿ ಎಂದು 1909ರಲ್ಲಿ ವಾಷಿಂಗ್ಟನ್ ರಾಜ್ಯ ಅದನ್ನು ಕಾನೂನಿನಿಂದಲೇ ನಿಷೇಧಿಸಿತು. ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಎಲ್ಲವೂ ರದ್ದಾದವು.

‘ಬಡಿಸೋದು ಒಂದೇ ಕೆಲಸಾನೇನಮ್ಮ? ಆ ಪೈಪು ತೊಳೆಯೋರು, ಲೋಟ ತೊಳೆಯೋರು, ನಿನ್ನ ಕೈ ಹಿಡಿದು ತೋರಿಸಿದೋರು ಯಾರು?’ ಎಂದಳು ಮಗಳು. ನಾನು ಕಿಟಕಿಯಾಚೆ ನೋಡಿದೆ. ಊರಿಗೆ ಬಂದು ನೆರೆಮನೆಯವರಿಗೆ ‘ಒಂದು ಕಾಫಿ ಅಂಗಡಿಗೆ ಹೋಗಿದ್ದೆ’ ಎಂದಷ್ಟೇ ಹೇಳಿದೆ. ಸುಳ್ಳೇನೂ ಅಲ್ಲವಲ್ಲ.

ತಾನೇ ತೆಗೆದುಕೊಳ್ಳುವುದು ನಮಗೆ ಹೊಸತೇನಲ್ಲ. 1983ರಲ್ಲಿ ಆರ್. ಪ್ರಭಾಕರ್ ಅವರು ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಮೊದಲು ದುಡ್ಡು, ಆಮೇಲೆ ಟೋಕನ್, ಕಿಟಕಿಯಲ್ಲಿ ಇಡ್ಲಿ, ನಿಂತು ತಿಂದು ನಡೆ. ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ, ಬೆಲೆಯೂ ಕಡಿಮೆ. ದರ್ಶಿನಿಗಳು ಬಂದ ಮೇಲೆಯೇ ನಾನು ಒಬ್ಬಳೇ ಹೋಟೆಲಿಗೆ ಹೋಗಿ ತಿಂಡಿ ತಿಂದದ್ದು. ಪರದೆಯ ಗೂಡು ಬೇಡ, ‘ಯಾರ ಜೊತೆ ಬಂದಿರಿ’ ಎಂಬ ನೋಟವಿಲ್ಲ, ಎಷ್ಟು ಬಿಡಬೇಕು ಎಂಬ ಸಂಕಟವಿಲ್ಲ. ಆ ಮಟ್ಟಿಗೆ ಹೆಂಗಸರು ದರ್ಶಿನಿಗೆ ಋಣಿಗಳು. ಆದರೆ ನಾವು ಇಟ್ಟುಹೋದ ತಟ್ಟೆಯನ್ನು ಪ್ಲಾಸ್ಟಿಕ್ ಬುಟ್ಟಿಗೆ ತುಂಬಿಕೊಂಡು ಹೋಗುವ ಹುಡುಗನ ಮುಖ ನಾನು ಯಾವತ್ತಾದರೂ ನೋಡಿದ್ದೇನೆಯೇ ಎಂದು ಟೆಕ್ಸಾಸ್‌ನಿಂದ ಬಂದ ಮೇಲೆ ಕೇಳಿಕೊಂಡೆ. ನೋಡಿರಲಿಲ್ಲ. ದೊಡ್ಡ ಹೋಟೆಲುಗಳದು ಇನ್ನೊಂದು ಬಗೆ. ಅವು ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಿಬಿಡುತ್ತಿದ್ದವು. ಹಾಗೆ ತಾವಾಗಿ ಸೇರಿಸುವಂತಿಲ್ಲ ಎಂದು ಗ್ರಾಹಕರ ರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. ಸರಿಯೇ. ಆದರೆ ನನ್ನಂಥವಳ ಇಷ್ಟ ಹೇಗೆ ಕೆಲಸ ಮಾಡುತ್ತದೆ ಎಂಬುದು ನನಗೇ ಗೊತ್ತಾದದ್ದು ಆ ಡಿಸೆಂಬರಿನಲ್ಲಿ, ಬಿಸಿಲೆಯಲ್ಲಿ.

ಮಗಳು, ಅಳಿಯ, ಮೊಮ್ಮಗ ರಜೆಗೆ ಬಂದಿದ್ದರು. ಹೆತ್ತೂರು, ವಣಗೂರು ದಾಟಿ ಬಿಸಿಲೆಯ ಕಡೆಯ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಉಳಿಯುವುದೆಂದಾಯಿತು. ದುಡ್ಡೆಲ್ಲ ಮೊದಲೇ ಫೋನಿನಲ್ಲಿ ಹೋಗಿತ್ತು. ದಾರಿಯಲ್ಲಿ ಮಂಕನಹಳ್ಳಿಯ ಬಳಿ, ಮಳೆನೀರು ಎರಡು ಕಡಲಿಗೆ ಸೀಳುವ ದಿಣ್ಣೆಯ ಮೇಲೆ ನೆಟ್ಟಿರುವ ಕಲ್ಲನ್ನು ನೋಡಿದೆವು. ಈ ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ. ಆ ಮಗ್ಗುಲಿನದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಮೊಮ್ಮಗ ಬಾಟಲಿಯ ನೀರನ್ನೆಲ್ಲ ಕಲ್ಲಿನ ಎರಡೂ ಕಡೆ ಸುರಿದು ಖಾಲಿ ಮಾಡಿದ. ನೀರಿಗಾದರೆ ಹೀಗೊಂದು ಕಲ್ಲಿದೆ, ನಾವು ಕೊಟ್ಟ ದುಡ್ಡು ಎತ್ತ ಹರಿಯಿತು ಎಂದು ಹೇಳುವ ಕಲ್ಲು ಎಲ್ಲೂ ಇಲ್ಲ.

ಹೋಂಸ್ಟೇಯಲ್ಲಿ ನಮ್ಮನ್ನು ಎದುರುಗೊಂಡದ್ದು ಹೆಚ್ಚುಕಡಿಮೆ ನನ್ನ ವಯಸ್ಸಿನದೇ ಒಬ್ಬಾಕೆ. ‘ಬನ್ನಿ ಅಮ್ಮ, ಇದು ನಮ್ಮ ತೋಟದ್ದೇ ಕಾಫಿ’ ಎಂದು ಲೋಟ ಕೊಟ್ಟರು. ಅಡುಗೆಯನ್ನೆಲ್ಲ ಮೇಜಿನ ಮೇಲೆ ಮುಚ್ಚಿಟ್ಟು, ‘ನಾಚ್ಕೋಬೇಡಿ, ನೀವೇ ಬಡಿಸ್ಕಳಿ’ ಎನ್ನುತ್ತಿದ್ದರು. ಇಲ್ಲೂ ಸೆಲ್ಫ್ ಸರ್ವಿಸ್ಸೇ! ಆದರೆ ಅಕ್ಕಿರೊಟ್ಟಿ ಮಾತ್ರ ಒಲೆಯಿಂದ ನೇರ ತಟ್ಟೆಗೆ ಬರುತ್ತಿತ್ತು, ಜೊತೆಗೆ ಅವರೆಕಾಳಿನ ಸಾರು, ಗಾಂಧಾರಿ ಮೆಣಸಿನ ಚಟ್ನಿ. ರಾತ್ರಿ ಚಳಿಗೆ ಮೊಮ್ಮಗ ಕೆಮ್ಮಿದನೆಂದು ಮೆಣಸು ಕುಟ್ಟಿ ಕಷಾಯ ಮಾಡಿಕೊಟ್ಟರು. ನಾನಂತೂ ಎರಡು ದಿನವೂ ‘ಅಕ್ಕ, ಅಕ್ಕ’ ಎಂದು ಬಾಯಿತುಂಬ ಕರೆದೆ.

ಹೊರಡುವ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಮಗಳು ಪರ್ಸಿನಿಂದ ಎರಡು ನೂರರ ನೋಟು ತೆಗೆದಳು. ನಾನು ಮೇಜಿನ ಕೆಳಗೆ ಅವಳ ಕೈ ಅದುಮಿದೆ. ‘ಇದೇನು ನಿಮ್ಮ ಅಮೆರಿಕವೇನೇ? ಮನೆಯೊಡತಿಗೆ ಟಿಪ್ಸ್ ಕೊಡ್ತಾರಾ? ಅವಮಾನ ಆಗುತ್ತೆ ಅವರಿಗೆ’ ಎಂದೆ. ಅವಳು ನೋಟನ್ನು ಒಳಗಿಟ್ಟಳು. ನಾನು ಅಡುಗೆಮನೆಗೆ ಹೋಗಿ ಆಕೆಯ ಎರಡೂ ಕೈ ಹಿಡಿದುಕೊಂಡು, ‘ನಮ್ಮ ಅಕ್ಕನ ಮನೆಗೆ ಬಂದ ಹಾಗಾಯಿತು’ ಎಂದು ಹೇಳಿ ಬಂದೆ. ಹೇಳುವಾಗ ನನ್ನ ಕಣ್ಣೂ ತುಸು ಒದ್ದೆಯಾಗಿತ್ತು.

ಕಾರು ಹೊರಟಾಗ ಆಕೆ ಚೀಲ ಹಿಡಿದು ಬಂದು, ‘ವಣಗೂರುಗಂಟ ಬಿಡ್ತೀರಾ?’ ಎಂದರು. ನನ್ನ ಪಕ್ಕದಲ್ಲೇ ಕೂತರು. ಹಣ್ಣು ಕುಯ್ಲಿನ ಕಾಲ, ತೋಟ ಬಿಟ್ಟು ಹೇಗೆ ಹೊರಟಿರಿ ಎಂದು ಮಾತಿಗೆ ಕೇಳಿದೆ.

‘ಅಯ್ಯೋ, ತೋಟ ನಮ್ಮದೆಲ್ಲಮ್ಮ, ಸಾವ್ಕಾರ್ರದು. ಅವ್ರು ಬೆಂಗಳೂರಲ್ಲವ್ರೆ. ನಾವು ಲೈನ್ ಮನೇರು. ಗೆಸ್ಟ್ ಬಂದ್ರೆ ಅಡುಗೆಗೆ ಕರೀತಾರೆ. ಈಗ ಹಣ್ಣು ಕುಯ್ಯಾಕೆ ಹೋಗಿದ್ರೆ ಕೇಜಿ ಲೆಕ್ಕದಲ್ಲಿ ಜಾಸ್ತಿನೇ ಆಗ್ತಿತ್ತು. ಇಲ್ಲಿ ದಿನದ ಕೂಲಿ ಅಷ್ಟೆಯಾ. ಬಂದೋರು ಹೋಗೋವಾಗ ಖುಷಿಗೆ ಏನಾರ ಕೊಟ್ರೆ ಅದು ನಂದು.’

ದೂರಿನ ದನಿಯೇ ಅಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದರು. ಮುಂದೆ ಕೂತಿದ್ದ ಮಗಳು ತಿರುಗಿ ನೋಡಲಿಲ್ಲ, ಅವಳ ಕಿವಿ ಮಾತ್ರ ಕೆಂಪಗಾದದ್ದು ನನಗೆ ಕಾಣುತ್ತಿತ್ತು.

ಅವಮಾನವಾಗುತ್ತದೆ ಎಂದು ನಾನು ಅದುಮಿದ ಆ ಕೈ ಯಾರ ಮಾನ ಉಳಿಸಿತು? ಅಕ್ಕ ಎಂದು ಕರೆದೆ. ಕರೆದ ಮೇಲೆ ಕೊಡುವುದೇನೂ ಉಳಿಯಲಿಲ್ಲ. ನಾವು ಹೆಂಗಸರು ಇದನ್ನು ಎಷ್ಟು ಸಲೀಸಾಗಿ ಮಾಡುತ್ತೇವೆ! ಮನೆಗೆಲಸದವಳನ್ನು ‘ನಮ್ಮನೆ ಮಗಳಿದ್ದ ಹಾಗೆ’ ಎನ್ನುತ್ತೇವೆ. ಮಗಳಿಗೆ ಸಂಬಳ ಏರಿಸುವ ಮಾತು ಬರುವುದಿಲ್ಲವಲ್ಲ. ಆ ಟೆಕ್ಸಾಸಿನ ಪರದೆಗೆ ಸಂಕೋಚವಿರಲಿಲ್ಲ ನಿಜ. ಆದರೆ 2018ರಿಂದ ಅಲ್ಲಿನ ಕಾನೂನು, ಮಾಲೀಕನಾಗಲೀ ಮ್ಯಾನೇಜರಾಗಲೀ ಟಿಪ್ಸಿಗೆ ಕೈಹಾಕುವಂತಿಲ್ಲ ಎನ್ನುತ್ತದೆ. ಒತ್ತಿದ್ದರೆ ಒರೆಸುವವಳಿಗೆ ಸೇರುತ್ತಿತ್ತು. ಇಲ್ಲಿ ನಾನು ಕೊಟ್ಟ ಕಣ್ಣೀರು ಯಾರಿಗೆ ಸೇರಿತು?

ತಿಂಡಿಯ ಮೇಜಿನ ಮೇಲೆ ಕೊಟ್ಟಿದ್ದರೆ ಅದೊಂದು ಕ್ಷಣದ ಕೆಲಸ. ಈಗ ಕೊಟ್ಟರೆ ಆಕೆಯ ಕಥೆ ಕೇಳಿ ಕನಿಕರಿಸಿ ಕೊಟ್ಟ ಹಾಗೆ. ಕೊಡದಿದ್ದರೆ ಕೇಳಿಯೂ ಕೊಡದ ಹಾಗೆ. ವಣಗೂರು ಬರುವವರೆಗೆ ಪರ್ಸಿನ ಜಿಪ್ಪನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದೆ. ಕೊನೆಗೆ ಆಕೆ ಇಳಿಯುವಾಗ ಐನೂರರ ಒಂದು ನೋಟು ಮಡಿಸಿ ಕೈಗಿಟ್ಟೆ.

‘ಇದ್ಯಾಕಮ್ಮ? ನಾನು ಕೇಳಕ್ಕೆ ಅಂತ ಹೇಳಿದ್ದಲ್ಲ’ ಎಂದರು.

‘ಬೆಳಿಗ್ಗೆಯೇ ಕೊಡಬೇಕಿತ್ತು, ಮರೆತೆ’ ಎಂದು ಸುಳ್ಳು ಹೇಳಿದೆ.

ಒಂದು ಗಳಿಗೆ ನನ್ನ ಮುಖ ನೋಡಿದರು. ‘ಒಂಚೂರು ಇರಿ’ ಎಂದು ಎದುರಿನ ಅಂಗಡಿಗೆ ಹೋದರು. ಎಂಜಿನ್ ಆರಿಸದೆ ಕಾದೆವು. ಚಿಲ್ಲರೆ ಮಾಡಿಸಿಕೊಂಡು ಬಂದು, ಕಿಟಕಿಯಿಂದ ನನ್ನ ಮಡಿಲಿಗೆ ಮುನ್ನೂರು ರೂಪಾಯಿ ಹಾಕಿದರು.

‘ಎರಡು ದಿನಕ್ಕೆ ಎಲ್ಲರೂ ಇನ್ನೂರು ಕೊಡದು. ಅಷ್ಟು ಇಟ್ಕಂಡಿದೀನಿ’ ಎಂದರು. ಆಮೇಲೆ ಮೊಮ್ಮಗನ ಕೆನ್ನೆ ಮುಟ್ಟಿ, ‘ಮುಂದಿನ ಸಲ ಮಳೆಗಾಲದಲ್ಲಿ ಬನ್ನಿ, ಕಳಲೆ ಪಲ್ಯ ಮಾಡಿಕೊಡ್ತೀನಿ’ ಎಂದು ಹೇಳಿ ರಸ್ತೆ ದಾಟಿ ಹೋದರು.