ಮೊದಲು ಕಂಡ ಕಣ್ಣು

ನವಲಿ ಹಳ್ಳಿಯ ಹುಡುಗನೊಬ್ಬ ಬೇವಿನ ಗಿಡದಿಂದ ಬಿದ್ದು ಮೊಣಕೈ ಬಾತಿದೆ ಎಂದುಕೊಳ್ಳಿ. ಅವ್ವ ಆ ಕೈಗೆ ಟವೆಲ್ಲು ಕಟ್ಟಿ, ಬಸ್ಸು ಹಿಡಿದು ಗಂಗಾವತಿಯ ಆಸ್ಪತ್ರೆಗೆ ಕರೆತರುತ್ತಾಳೆ. ಎಕ್ಸರೇ ತೆಗೆದವನನ್ನೇ ಆಕೆ ಮೊದಲು ಕೇಳುತ್ತಾಳೆ: “ಸರ, ಎಲುಬು ಮುರದೈತೇನ್ರಿ?” “ಡಾಕ್ಟರ್ ನೋಡಿ ಹೇಳ್ತಾರ ಯವ್ವಾ” ಎನ್ನುತ್ತಾನೆ ರೇಡಿಯೋಗ್ರಾಫರ್. ಅವನ ಉತ್ತರ ಸರಿಯಾದದ್ದೇ. ಆದರೆ ಆ ಚಿತ್ರವನ್ನು ಮೊದಲು ಕಂಡದ್ದು ಅವನ ಕಣ್ಣು. ಆ ಕಣ್ಣಿಗೆ ನಾವು ಏನು ಕಲಿಸಿದ್ದೇವೆ?

ಎಕ್ಸರೇಯಲ್ಲಿ ಗಾಳಿ ಕಪ್ಪು, ಮಾಂಸ ಬೂದು, ಎಲುಬು ಬಿಳಿ. ಇಷ್ಟು ಯಾರಿಗಾದರೂ ಕಂಡೀತು. ಮಕ್ಕಳ ಮೊಣಕೈಯಲ್ಲಿ ಮಾತ್ರ ಬಿರುಕಿನ ಗೆರೆ ಎಷ್ಟೋ ಸಲ ಕಾಣುವುದೇ ಇಲ್ಲ. ಕೀಲಿನೊಳಗೆ ರಕ್ತ ತುಂಬಿದಾಗ ಅಲ್ಲಿಯ ಕೊಬ್ಬು ಸರಿದು, ಎಲುಬಿನ ಹಿಂದೆ ಸಣ್ಣದೊಂದು ಕಪ್ಪು ತುಣುಕು ಮೂಡುತ್ತದೆ. ಅಡಗಿರುವ ಮುರಿತಕ್ಕೆ ಎಷ್ಟೋ ವೇಳೆ ಅದೊಂದೇ ಸುಳಿವು. ಕೈಯನ್ನು ಸರಿಯಾಗಿ ಮಡಚಿಸಿ ನೇರ ಪಕ್ಕದಿಂದ ತೆಗೆಯದಿದ್ದರೆ ಆ ಸುಳಿವನ್ನು ನಂಬುವಂತಿಲ್ಲ. ಇನ್ನೊಂದೆಡೆ, ಬೆಳೆಯುವ ಎಲುಬಿನ ತುದಿಯ ಸಹಜ ಸಂದು ಮುರಿತದಂತೆಯೇ ತೋರಿ ದಾರಿ ತಪ್ಪಿಸುತ್ತದೆ. ಹಾಗಾಗಿ ಚಿತ್ರದ ಅರ್ಥ ಬಲ್ಲವನು ಚಿತ್ರವನ್ನೂ ಚೆನ್ನಾಗಿ ತೆಗೆಯುತ್ತಾನೆ. ಓದುವುದು, ತೆಗೆಯುವುದು ಎರಡು ಬೇರೆ ವಿದ್ಯೆಗಳಲ್ಲ.

ವಿಜ್ಞಾನಿ ರಾಂಟ್‌ಜೆನ್ ಕ್ಷಕಿರಣವನ್ನು, ಅಂದರೆ ಎಕ್ಸರೇಯನ್ನು, ಮೊದಲು ಕಂಡದ್ದು 1895ರ ನವೆಂಬರ್ 8ರಂದು. ಮುಂದಿನ ತಿಂಗಳೇ ಹೆಂಡತಿಯ ಕೈಯೆಲುಬುಗಳನ್ನು ಉಂಗುರದ ಸಮೇತ ಚಿತ್ರವಾಗಿ ತೆಗೆದ. ಈಗ ನವೆಂಬರ್ 8 ವಿಶ್ವ ರೇಡಿಯೋಗ್ರಫಿ ದಿನ. ಚಿತ್ರ ತೆಗೆಯುವವನ ಕಣ್ಣಿಗೂ ಬೆಲೆ ಕೊಡಲೆಂದು 1980ರ ದಶಕದಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ಸರಳವಾದ ಒಂದು ಪದ್ಧತಿ ತಂದವು. ಏನೋ ಸರಿಯಿಲ್ಲ ಎನಿಸಿದರೆ ರೇಡಿಯೋಗ್ರಾಫರ್ ಫಿಲ್ಮಿನ ಮೇಲೆ ಒಂದು ಕೆಂಪು ಚುಕ್ಕೆ ಅಂಟಿಸುತ್ತಿದ್ದ. ರೋಗ ಇಂಥದ್ದೇ ಎಂದು ಹೇಳುವ ಹೊಣೆ ಅವನದಲ್ಲ. ತುರ್ತು ಕೋಣೆಯ ವೈದ್ಯರಿಗೆ “ಇಲ್ಲಿ ಇನ್ನೊಮ್ಮೆ ನೋಡಿ” ಎನ್ನುವುದಷ್ಟೇ ಕೆಲಸ. ಮುಂದೆ ಅಲ್ಲಿ ಹೆಚ್ಚಿನ ತರಬೇತಿ ಪಡೆದ ರೇಡಿಯೋಗ್ರಾಫರುಗಳು ವರದಿಯನ್ನೇ ಬರೆಯತೊಡಗಿದರು.

ನಮ್ಮಲ್ಲಿ ವರದಿ ವೈದ್ಯರದೇ, ಅದು ಹಾಗೆಯೇ ಇರಲಿ. ಆದರೆ ಚಿತ್ರ ಓದುವ ತಜ್ಞರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದ್ದಾರೆ. ಅಪಘಾತಗಳು ಹಳ್ಳಿಯ ರಸ್ತೆಯಲ್ಲೂ ಹೊಲದಲ್ಲೂ ಆಗುತ್ತವೆ. ಚಿತ್ರ ಇಂಟರ್ನೆಟ್ಟಿನಲ್ಲಿ ದೂರದ ತಜ್ಞರಿಗೆ ಹೋಗಬಹುದು. ಆದರೂ ಪುಪ್ಪುಸದಿಂದ ಗಾಳಿ ಎದೆಗೂಡಿಗೆ ಸೋರಿ ಉಸಿರು ಕಟ್ಟುತ್ತಿರುವವನಿಗೆ ಕಾಯುವ ಹೊತ್ತಿರುವುದಿಲ್ಲ. ಆ ಗಳಿಗೆಯಲ್ಲಿ ಪರದೆಯ ಮುಂದಿರುವ ಮೊದಲ ಕಣ್ಣು ಓಡಿಹೋಗಿ ವೈದ್ಯರನ್ನು ಕರೆಯಬಲ್ಲದೇ, ಇಲ್ಲವೇ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಈ ಕಣ್ಣು ಪಳಗುವುದು ಹೇಗೆ? ನವಲಿಯ ಒಕ್ಕಲಿಗ ಜೋಳದ ತೆನೆಯನ್ನು ಬೆರಳಲ್ಲಿ ಒತ್ತಿ, ಕಾಳು ಬಲಿತಿದೆಯೇ ಇಲ್ಲವೇ ಎಂದು ಹೇಳುತ್ತಾನೆ. ವರ್ಷವರ್ಷವೂ ಬಿತ್ತಿ, ವರ್ಷವರ್ಷವೂ ರಾಶಿ ಕಂಡದ್ದರಿಂದ ಬಂದ ತಿಳಿವಳಿಕೆ ಅದು. ನಮ್ಮ ರೇಡಿಯೋಗ್ರಾಫರ್ ಮಾತ್ರ ಬಿತ್ತುತ್ತಲೇ ಇರುತ್ತಾನೆ, ರಾಶಿ ಕಾಣುವುದಿಲ್ಲ. ಸಾವಿರಾರು ಚಿತ್ರ ತೆಗೆದರೂ, ಆ ಕೈ ಮುರಿದಿತ್ತೇ, ಆ ನೆರಳು ಕ್ಷಯವೇ ಎಂದು ಅವನಿಗೆ ಯಾರೂ ತಿರುಗಿ ಹೇಳುವುದಿಲ್ಲ. ಫಲ ತಿಳಿಯದ ದುಡಿಮೆಯಿಂದ ಕೈ ಚುರುಕಾದೀತು, ಕಣ್ಣು ಚುರುಕಾಗದು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ನಮ್ಮ ಜಿಲ್ಲಾಕೇಂದ್ರ ಕೊಪ್ಪಳದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಆಸ್ಪತ್ರೆಗಳ ರೇಡಿಯೋಗ್ರಾಫರುಗಳು ವಾರಕ್ಕೊಂದು ಗಂಟೆ ಅಲ್ಲಿಯ ತಜ್ಞರೊಡನೆ ಮೊಬೈಲಿನಲ್ಲಾದರೂ ಕೂರಲಿ. ತಾವು ತೆಗೆದ ಚಿತ್ರಕ್ಕೆ ತಮಗನಿಸಿದ್ದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಲಿ, ಆಮೇಲೆ ವೈದ್ಯರ ಮಾತಿನೊಡನೆ ತಾಳೆ ನೋಡಲಿ. ತಪ್ಪಿದ್ದನ್ನು ನಾಚಿಕೆಯಿಲ್ಲದೆ ಎಲ್ಲರೆದುರು ಬಿಚ್ಚಿಡಲಿ. ಒಂದು ಮುರಿತ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿ ಪಕ್ಕದ ಎರಡನೆಯದನ್ನು ಬಿಟ್ಟುಬಿಡುವುದು ಪಳಗಿದವರಿಗೂ ಆಗುವ ತಪ್ಪು. ಅದನ್ನು ತಿದ್ದಿಕೊಳ್ಳುವುದು ಇಂಥ ಕೂಟದಲ್ಲೇ.

ಆಗಲೂ ಆ ತಾಯಿಗೆ ಅವನು “ಡಾಕ್ಟರ್ ಹೇಳ್ತಾರ ಯವ್ವಾ” ಎಂದೇ ಹೇಳಬೇಕು. ಆದರೆ ಚೀಟಿಯ ಮೇಲೊಂದು ಕೆಂಪು ಚುಕ್ಕೆಯಿಟ್ಟು, “ಬಸ್ಸಿಗೆ ಹೋಗಬ್ಯಾಡ್ರಿ, ಈಗಽ ತೋರಸ್ರಿ” ಎಂದೂ ಹೇಳಬಲ್ಲ.