‘ನಮ್ಮವರು’ ಮತ್ತು ನ್ಯಾಯ

ಪರಊರಿನಲ್ಲಿ ಬದುಕುವವರಿಗೆ ‘ನಮ್ಮವರು’ ಎಂಬ ಮಾತಿನಷ್ಟು ಹಿತವಾದುದು ಇನ್ನೊಂದಿಲ್ಲ. ನಿಗಡಿಯ ಟಿಳಕ ಚೌಕದಲ್ಲಿ ತರಕಾರಿ ಕೊಳ್ಳುವಾಗ ಯಾರೋ ಕನ್ನಡದಲ್ಲಿ ಮಗುವನ್ನು ಗದರಿಸಿದ್ದು ಕಿವಿಗೆ ಬಿದ್ದರೆ ಸಾಕು, ‘ಯಾವೂರವರು?’ ಎಂದು ಕೇಳದೆ ನಮ್ಮ ಕಾಲು ಮುಂದಕ್ಕೆ ಏಳುವುದಿಲ್ಲ. ನಮ್ಮ ಸಂಘ ನಿಂತಿರುವುದೂ, ಈ ಪತ್ರಿಕೆ ತಿಂಗಳು ತಿಂಗಳು ಮನೆಗೆ ಬರುತ್ತಿರುವುದೂ ಆ ಮಾತಿನ ಬಲದಿಂದಲೇ. ಅದನ್ನು ಹಳಿಯಲು ನಾವು ಹೊರಟಿಲ್ಲ. ಆದರೆ ಇದೇ ಮಾತು ಅಧಿಕಾರದ ಕುರ್ಚಿಯ ಮೇಲೆ ಕುಳಿತಾಗ ಏನಾಗುತ್ತದೆ? ನಾಲ್ಕು ನಾಡಿನ ಜನರನ್ನು ಕಟ್ಟಿಕೊಂಡು ಕೆಲಸ ನಡೆಸುವವನ ಧರ್ಮ ಯಾವುದು? ಈ ಪ್ರಶ್ನೆ ನಮ್ಮನ್ನು ಕೆಲವು ಕಾಲದಿಂದ ಕಾಡುತ್ತಿದೆ. ಕಾರಣ, ನಾವೇ ಮಾಡಿದ ಒಂದು ತಪ್ಪು.

ನಾವಿರುವ ಈ ಪ್ರದೇಶವೇ ಹಲವು ನಾಡುಗಳ ಸಂತೆ. 1954ರಲ್ಲಿ ಪಿಂಪರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಬಳಿಕ ಒಂದರ ಹಿಂದೊಂದು ಕಾರ್ಖಾನೆಗಳು ಬಂದವು. 1972ರಲ್ಲಿ ನವನಗರ ಪ್ರಾಧಿಕರಣ ಹುಟ್ಟಿದ ಮೇಲೆ ನಿಗಡಿಯ ಸೆಕ್ಟರುಗಳಲ್ಲಿ ಎಲ್ಲ ಭಾಷೆಯವರೂ ಮನೆ ಮಾಡಿದರು. ಕೇಂದ್ರ ಸರಕಾರದ ಕಚೇರಿಯಲ್ಲಂತೂ ಇದು ದಿನದ ಮಾತು. ನಮ್ಮ ಸೆಕ್ಷನ್ನಿನಲ್ಲಿ ಮರಾಠಿಗರು, ಬಿಹಾರದವರು, ಸೊಲ್ಲಾಪುರದ ಮುಸಲ್ಮಾನ ಗೆಳೆಯರು, ನಿವೃತ್ತಿಗೆ ಹತ್ತಿರವಾಗಿದ್ದ ಕೇರಳದ ಹಿರಿಯರು, ವಿಜಯಪುರದ ಕಡೆಯ ಒಬ್ಬ ಹುಡುಗ, ಹೀಗೆ ಎಂಟು ಮಂದಿ. ಕೆಲವು ವರ್ಷಗಳ ಹಿಂದೆ ಸೂಪರಿಂಟೆಂಡೆಂಟರು ದೀರ್ಘ ರಜೆಯ ಮೇಲೆ ಹೋದಾಗ ಈ ಎಂಟು ಮಂದಿಯ ಉಸ್ತುವಾರಿ ಗುಮಾಸ್ತರಾದ ನಮ್ಮ ಕೊರಳಿಗೆ ಬಿತ್ತು.

ಆ ವರ್ಷ ಓಣಂ ಹಬ್ಬ ಗಣೇಶನ ಹತ್ತು ದಿನಗಳೊಳಗೇ ಬಂದಿತ್ತು. ಹಿರಿಯರು ಮೂರು ದಿನ ರಜೆ ಕೇಳಿದರು. ವಿಜಯಪುರದ ಹುಡುಗ ಚೌತಿಗೆ ಹೋಗಿ ಅನಂತ ಚತುರ್ದಶಿ ಮುಗಿಸಿ ಬರುವುದಾಗಿ ಕೇಳಿದ. ಇಬ್ಬರನ್ನೂ ಒಟ್ಟಿಗೆ ಬಿಡುವಂತಿರಲಿಲ್ಲ. ನಾವು ಹುಡುಗನ ಅರ್ಜಿಗೆ ಸಹಿ ಹಾಕಿದೆವು. ಹಿರಿಯರಿಗೆ, ‘ನಿಮ್ಮ ಮೇಜಿನ ಕೆಲಸ ಬಾಕಿ ಇದೆ’ ಎಂದೆವು. ಅದು ಸುಳ್ಳು. ಬಾಕಿ ಇದ್ದದ್ದು ಹುಡುಗನ ಮೇಜಿನ ಮೇಲೆ. ಅವನ ಹತ್ತಿರ ಹೋಗಿ ಕನ್ನಡದಲ್ಲಿ, ‘ಹೋಗಿ ಬಾರಪ್ಪ, ಊರಿನ ಕಡುಬು ಮರೀಬೇಡ’ ಎಂದು ನಕ್ಕೆವು. ಹಿರಿಯರಿಗೆ ಕನ್ನಡ ಬಾರದು. ನಗೆಯನ್ನು ಅರ್ಥಮಾಡಿಕೊಳ್ಳಲು ಭಾಷೆ ಬೇಕಿಲ್ಲವಲ್ಲ!

ಅವರು ಏನೂ ಆಡಲಿಲ್ಲ. ದೀಪಾವಳಿಯ ಆಚೀಚಿನ ದಿನಗಳಲ್ಲಿ ಯಾರಾದರೊಬ್ಬರು ಸೆಕ್ಷನ್ನಿನಲ್ಲಿ ಕೂಡಲೇಬೇಕು. ವರ್ಷ ವರ್ಷವೂ ಕೂಡುತ್ತಿದ್ದವರು ಅವರೇ. ‘ನಿಮಗೆ ಇದು ದೊಡ್ಡ ಹಬ್ಬವಲ್ಲವಲ್ಲ’ ಎಂದು ಎಲ್ಲರೂ ಅವರ ಮೇಲೆ ಹಾಕುತ್ತಿದ್ದೆವು. ಆ ಸಲ ಪಟ್ಟಿ ಮಾಡಲು ಕುಳಿತಾಗ ನೋಡಿದರೆ ಅವರು ನಾವು ಕೇಳುವ ಮೊದಲೇ ತಮ್ಮ ಹೆಸರನ್ನು ತಾವೇ ಬರೆದಿಟ್ಟಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಅಕ್ಷರಗಳನ್ನು ನೋಡಿ ನಮಗೆ ತಲೆ ಎತ್ತಲಾಗಲಿಲ್ಲ.

ಧಾರವಾಡದಲ್ಲಿ ಬಿ.ಎಸ್‌ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜು ಕೈಗೆ ಕೊಟ್ಟ ಮೇಷ್ಟರು ಮೊದಲು ಕೇಳುತ್ತಿದ್ದದ್ದು ‘ಶೂನ್ಯದೋಷ ಎಷ್ಟು?’ ಎಂದು. ಏನನ್ನೂ ಹಿಡಿಯದೆ ತಿರುಪನ್ನು ಮುಚ್ಚಿದಾಗ ಅಳತೆ ಸೊನ್ನೆಯಲ್ಲಿ ನಿಲ್ಲಬೇಕು. ಎಷ್ಟೋ ಉಪಕರಣಗಳಲ್ಲಿ ನಿಲ್ಲುವುದಿಲ್ಲ. ಹಾಗೆಂದು ಅದನ್ನು ಎಸೆಯುವುದಿಲ್ಲ; ದೋಷವನ್ನು ಮೊದಲೇ ಬರೆದಿಟ್ಟು, ಪ್ರತಿ ಅಳತೆಯಿಂದಲೂ ಕಳೆಯುತ್ತೇವೆ. ಮನುಷ್ಯನ ಮನಸ್ಸೂ ಅಂಥದೇ ಉಪಕರಣ. ತನ್ನ ನುಡಿಯವನನ್ನು ಕಂಡಾಗ ಅದು ಒಂದು ಗೆರೆ ಮುಂದೆ ನಿಲ್ಲುತ್ತದೆ. ಆ ಒಲವು ಪಾಪವಲ್ಲ. ತನ್ನ ಮನಸ್ಸು ಸೊನ್ನೆಯಲ್ಲೇ ನಿಂತಿದೆ ಎಂದು ನಂಬಿ ಅಳೆಯಲು ಹೊರಡುವುದೇ ತಪ್ಪು. ‘ನನಗೆ ಎಲ್ಲರೂ ಒಂದೇ’ ಎಂದು ಎದೆ ತಟ್ಟಿಕೊಳ್ಳುವ ಅಧಿಕಾರಿಗಿಂತ, ‘ನನಗೆ ಇಂಥವನ ಮೇಲೆ ಒಲವಿದೆ, ಆದುದರಿಂದ ಎಚ್ಚರವಾಗಿರಬೇಕು’ ಎನ್ನುವವನು ಹೆಚ್ಚು ನಂಬಿಕೆಗೆ ಯೋಗ್ಯನೆಂದು ನಮಗೆ ತೋರುತ್ತದೆ.

ಆದರೆ ಇಷ್ಟರಿಂದ ಪ್ರಶ್ನೆ ತೀರುವುದಿಲ್ಲ. ದೋಷ ಅಳೆಯುವವನ ಮನಸ್ಸಿನಲ್ಲಿ ಮಾತ್ರವಲ್ಲ, ಏರ್ಪಾಟಿನಲ್ಲಿಯೂ ಇರಬಹುದು. ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಗೂ ನಮ್ಮವರು. ಇಲ್ಲಿಯ ಸಾಯನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದವರು. 1912ರಲ್ಲಿ ಮೈಸೂರಿನ ದಿವಾನಗಿರಿ ಒಪ್ಪುವ ಮುನ್ನ ಬಂಧುಗಳನ್ನು ಕರೆದು, ಶಿಫಾರಸಿಗೆ ಯಾರೂ ಬರಕೂಡದೆಂದು ಮಾತು ಪಡೆದರೆಂಬ ಕಥೆಯನ್ನು ನಾವೆಲ್ಲ ಮನೆಯಲ್ಲಿ ಕೇಳಿದ್ದೇವೆ. ಸ್ವಂತ ಶೂನ್ಯದೋಷವನ್ನು ಕಳೆದುಕೊಂಡ ಅಧಿಕಾರಿ ಯಾರಾದರೂ ಇದ್ದರೆ ಅವರೇ. ಆದರೂ ಅಂದಿನ ಮೈಸೂರಿನ ಸರಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. ಯಾರೋ ಕದ್ದು ಕೊಟ್ಟ ಹುದ್ದೆಗಳಲ್ಲ ಅವು; ಪರೀಕ್ಷೆಯೇನೋ ಎಲ್ಲರಿಗೂ ಒಂದೇ, ಶಾಲೆಯ ಬಾಗಿಲು ಮಾತ್ರ ತಲೆಮಾರುಗಳಿಂದ ಎಲ್ಲರಿಗೂ ಒಂದೇ ಆಗಿರಲಿಲ್ಲ. ಇತರ ಸಮುದಾಯಗಳ ಮುಖಂಡರು ಬಿನ್ನವಿಸಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಯೋಗ್ಯತೆಯೊಂದೇ ಅಳತೆಯಾಗಬೇಕೆಂಬುದು ದಿವಾನರ ನಿಲುವು. ಅದೇ ವರ್ಷ ಅವರು ಹುದ್ದೆ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನವುಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಇತರ ಸಮುದಾಯದವರು ಇರಬೇಕೆಂದು ಸಮಿತಿ 1919ರಲ್ಲಿ ವರದಿ ಕೊಟ್ಟಿತು.

ಇಬ್ಬರೂ ಪ್ರಾಮಾಣಿಕರು, ಇಬ್ಬರೂ ನಮಗೆ ಪೂಜ್ಯರು. ಒಬ್ಬರು ಕೈ ಶುದ್ಧವಾಗಿರಬೇಕೆಂದರು. ಇನ್ನೊಬ್ಬರು ತಕ್ಕಡಿಯನ್ನೂ ಪರೀಕ್ಷಿಸಬೇಕೆಂದರು. ನಮ್ಮ ಸಂವಿಧಾನದ 16ನೆಯ ವಿಧಿ ಇವೆರಡನ್ನೂ ಒಂದೆಡೆ ಇರಿಸಿದೆ. ಸರಕಾರಿ ಕೆಲಸದಲ್ಲಿ ಜಾತಿ, ಧರ್ಮ, ಹುಟ್ಟಿದ ಊರು ನೋಡಿ ಭೇದ ಮಾಡಬಾರದೆಂದು ಹೇಳುವ ಆ ವಿಧಿಯೇ ಹಿಂದುಳಿದವರಿಗೆ ಮೀಸಲಾತಿಗೂ ಎಡೆಕೊಡುತ್ತದೆ.

ಇಷ್ಟು ಯೋಚಿಸಿದ ಮೇಲೆ ನಮ್ಮ ರಜೆಯ ಪಟ್ಟಿಯೂ ಬೇರೆಯಾಗಿ ಕಂಡಿತು. ದಿಲ್ಲಿಯ ಹೊರಗಿನ ಕೇಂದ್ರ ಕಚೇರಿಗಳಿಗೆ ಕಡ್ಡಾಯ ರಜೆ ಹದಿನಾಲ್ಕು. ಹನ್ನೆರಡರ ಪಟ್ಟಿಯಿಂದ ಸ್ಥಳೀಯವಾಗಿ ಆರಿಸುವವು ಮೂರು. ಪ್ರತಿಯೊಬ್ಬನೂ ತನ್ನಿಷ್ಟದಂತೆ ಪಡೆಯುವ ನಿರ್ಬಂಧಿತ ರಜೆ ಎರಡು. ಆ ಮೂರರಲ್ಲಿ ಊರಿನ ಬಹುಮಂದಿಯ ಹಬ್ಬಗಳು ಬರುವುದು ಸಹಜ. ಸ್ವಲ್ಪಮಂದಿಯ ಹಬ್ಬ ಅವರವರ ಎರಡರ ಗಂಟಿನಿಂದಲೇ ಹೋಗಬೇಕು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಒಂದೇ ನಿಯಮದ ಭಾರ ಎಲ್ಲರ ಹೆಗಲ ಮೇಲೂ ಒಂದೇ ಅಲ್ಲ. ಅದನ್ನು ಕಾಣುವುದೇ ಮುಂದಾಳಿನ ಕೆಲಸ.

ನಾವು ಹಿರಿಯರಲ್ಲಿ ಕ್ಷಮೆ ಕೇಳಿದೆವು. ‘ಆಯಿತು ಬಿಡಿ’ ಎಂದರು, ಅಷ್ಟೇ. ಜನವರಿಯಲ್ಲಿ ಒಂದು ಹಾಳೆ ಗೋಡೆಗೆ ಅಂಟಿಸಿದೆವು: ಯಾರಿಗೆ ಯಾವ ಹಬ್ಬ ಮುಖ್ಯ, ಯಾರ ಹಬ್ಬಕ್ಕೆ ಯಾರು ಕುಳಿತರು. ಸೆಕ್ಷನ್ನಿನೊಳಗೆ ಕೆಲಸದ ಮಾತು ಎಲ್ಲರಿಗೂ ತಿಳಿಯುವ ನುಡಿಯಲ್ಲೇ ಎಂದು ನಿಶ್ಚಯಿಸಿಕೊಂಡೆವು. ಸರದಿಯಂತೆ ದೀಪಾವಳಿಗೆ ಕೂಡಬೇಕಾಗಿ ಬಂದಾಗ ಹುಡುಗ ಮುಖ ಸಣ್ಣದು ಮಾಡಿಕೊಂಡ. ‘ಸರ್, ನೀವು ನಮ್ಮವರಾಗಿ ಹಿಂಗ ಮಾಡಿದ್ರ ಹೆಂಗ್ರಿ?’ ಎಂದ. ಆ ಮಾತು ನಿಗಡಿಯ ನಾಲ್ಕಾರು ಕನ್ನಡ ಮನೆಗಳಿಗೂ ಮುಟ್ಟಿತು. ‘ಕುರ್ಚಿ ಸಿಕ್ಕ ಮೇಲೆ ಊರು ಮರೆತರು’ ಎಂಬ ಮಾತು ನಮ್ಮ ಮನೆಯವರ ಕಿವಿಗೂ ಬಿತ್ತು.

ಅದಕ್ಕಿಂತ ಕೆಟ್ಟದ್ದು ಮುಂದೆ ನಡೆಯಿತು. ಹುಡುಗನ ತಾಯಿ ಆಸ್ಪತ್ರೆ ಸೇರಿ ಅವನು ರಜೆ ಕೇಳಿದಾಗ, ಮತ್ತೆ ಪಕ್ಷಪಾತವೆಂದಾರೆಂಬ ಅಂಜಿಕೆಯಿಂದ ನಾವು ಅರ್ಜಿಯನ್ನು ಹಿಡಿದುಕೊಂಡು ಸುಮ್ಮನೆ ಕುಳಿತೆವು. ಹಿರಿಯರೇ ಎದ್ದು ಬಂದು, ‘ಹುಡುಗನನ್ನು ಮೊದಲು ಕಳಿಸಿ, ಅವನ ಮೇಜು ನಾನು ನೋಡಿಕೊಳ್ಳುತ್ತೇನೆ’ ಎಂದರು. ದೋಷವಿದ್ದಷ್ಟನ್ನೇ ಕಳೆಯಬೇಕು, ಹೆಚ್ಚು ಕಳೆದರೂ ಅಳತೆ ತಪ್ಪುತ್ತದೆ ಎಂಬ ಪಾಠ ನಮಗೆ ಆ ದಿನ ಆಯಿತು. ನಿಜವಾದ ಮುಂದಾಳು ಆ ಸೆಕ್ಷನ್ನಿನಲ್ಲಿ ನಾವಲ್ಲವೆಂಬುದೂ ತಿಳಿಯಿತು.

ನಮ್ಮ ಓದುಗರಲ್ಲಿ ಫೋರ್‌ಮನ್ನರಿದ್ದಾರೆ, ಮುಖ್ಯೋಪಾಧ್ಯಾಯಿನಿಯರಿದ್ದಾರೆ, ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳಿದ್ದಾರೆ. ಪರಊರಿನಲ್ಲಿ ಹೊರಗಿನವರೆನಿಸಿಕೊಳ್ಳುವುದು ಎಂತಹದೆಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಆ ಅನುಭವ ಉಳ್ಳವನ ಕೈಗೆ ನಾಲ್ಕು ಜನರ ಉಸ್ತುವಾರಿ ಬಂದರೆ, ಮೂಲೆಯ ಮೇಜಿನಲ್ಲಿ ಮಾತಿಲ್ಲದೆ ಕುಳಿತವನು ಅವನ ಕಣ್ಣಿಗೆ ಮೊದಲು ಬೀಳಬೇಕಲ್ಲವೆ? ‘ನಮ್ಮವರು’ ಎಂಬ ಮಾತನ್ನು ಬಿಡುವುದು ಬೇಡ. ಕಚೇರಿಯ ಬಾಗಿಲೊಳಗೆ ಹೋಗುವಾಗ ಅದನ್ನು ಅಲ್ಲಿರುವ ಎಂಟೂ ಮಂದಿಗೆ ಹಿಗ್ಗಿಸಿಕೊಂಡರೆ ಸಾಕು.