ಮೂಲ ಯಾವುದು ಎಂಬ ಪ್ರಶ್ನೆ



*ಇಂದಿನ ಚಿಂತನೆ:* ಒಂದು ವಸ್ತುವಿನ ಒಳಗಿನದೆಲ್ಲ ಬದಲಾದ ಮೇಲೆ ಅದು ಹಳೆಯದೋ, ಹೊಸದೋ? ಅದರ ಬೆಲೆಯನ್ನು ಎಲ್ಲಿಂದ ಬಂತು ಎಂಬುದರಿಂದ ಅಳೆಯಬೇಕೋ, ಈಗ ಏನು ಮಾಡುತ್ತದೆ ಎಂಬುದರಿಂದ ಅಳೆಯಬೇಕೋ?

ಮೇಲ್ನೋಟಕ್ಕೆ ಇದು ಗ್ಯಾರೇಜಿನ ಪ್ರಶ್ನೆ. ಆದರೆ ದೀಕ್ಷೆ ತೆಗೆದುಕೊಂಡ ನಮ್ಮನ್ನೂ ಜನ ಇದೇ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಗ್ಯಾರೇಜಿನಿಂದಲೇ ಶುರು ಮಾಡೋಣ.

ನಮ್ಮ ಕಾಕಾನ ಮಗ ಬನಹಟ್ಟಿಯಲ್ಲಿ ನೂಲಿನ ಗಂಟು, ಸೀರೆ ಸಾಗಿಸುವ ಕೆಲಸ ಮಾಡುತ್ತಾನೆ. ಗುಜರಿಗೆ ಹೋಗಲಿದ್ದ ಒಂದು ಮಹೀಂದ್ರ ಎಫ್‌ಸಿ-150 ಪಿಕಪ್ಪನ್ನು ಅವನು ಕೊಂಡುಕೊಂಡ. 1970ರ ಆಸುಪಾಸಿನ ಗಾಡಿ. ಹಿರಿಯರು ನೋಡಿರುತ್ತೀರಿ: ಮುಂದೆ ಮೂಗು ಇಲ್ಲ, ಮುಖ ಚಪ್ಪಟೆ. ಎಂಜಿನ್ ಕ್ಯಾಬಿನ್ನಿನ ಒಳಗೇ, ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಒಂದು ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರಲ್ಲ, ಇದು ಅದೇ ಕುಟುಂಬದ ಪಿಕಪ್. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ 134 ಕ್ಯೂಬಿಕ್ ಇಂಚಿನದು, ಅಂದರೆ ಸುಮಾರು 2.2 ಲೀಟರ್.

ಇಂಥ ಗಾಡಿಗಳಿಗೆ ಎಂಜಿನ್ ಬದಲಿಸುವುದು ನಮ್ಮ ಕಡೆ ಹೊಸದೇನಲ್ಲ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್, ಅಂಬಾಸಿಡರ್ ಕಾರಿಗೆ ಮಟಾಡೋರ್ ಎಂಜಿನ್ ಕೂರಿಸಿ ಓಡಿಸಿದವರನ್ನು ನಾವೆಲ್ಲ ಕಂಡಿದ್ದೇವೆ. ತಮ್ಮನೂ ಬೊಲೆರೊದ 2523 ಸಿಸಿ ಡಿಐ ಡೀಸೆಲ್ ಎಂಜಿನ್ ಹಾಕಿಸಲು ಮನಸ್ಸು ಮಾಡಿದ. ಗಾಡಿಯ ಆರ್‌ಸಿಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಇರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಿಸಲು ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಆ ಕಾಗದಪತ್ರ ಮೊದಲು ಮುಗಿಸಿ, ಆಮೇಲೆ ಗಾಡಿಯನ್ನು ಜಮಖಂಡಿಯ ಒಬ್ಬ ಮಿಸ್ತ್ರಿಯ ಕೈಗೆ ಕೊಟ್ಟ.

ನಾನೊಂದು ಭಾನುವಾರ ನೋಡಲು ಹೋದಾಗ ಹೊಸ ಎಂಜಿನ್ ಆಗಲೇ ಕೂತಿತ್ತು. "ಇನ್ನೇನು ಮುಗೀತಲ್ರಿ" ಎಂದೆ. ಮಿಸ್ತ್ರಿ ನಕ್ಕರು. "ಅಕ್ಕೋರ, ಎಂಜಿನ್ ಕುಂಡ್ರಸೂದು ಎಂಟು ದಿನದ ಕೆಲಸರಿ. ಆ ಎಂಜಿನ್ನಿಗೆ ತಕ್ಕಂಗ ಗಾಡಿ ನಿಂದ್ರಸೂದು ಖರೆ ಕೆಲಸ" ಎಂದರು.

ಆಮೇಲೆ ಒಂದೊಂದಾಗಿ ತೋರಿಸಿದರು. ಡೀಸೆಲ್ ಎಂಜಿನ್ ಭಾರ ಹೆಚ್ಚು, ನಡುಕ ಹೆಚ್ಚು, ಆದ್ದರಿಂದ ಅದು ಕೂರುವ ಜಾಗಕ್ಕೆ ಹೊಸ ಕಬ್ಬಿಣ ಬೆಸೆಯಬೇಕು. ಹಳೆಯ ರೇಡಿಯೇಟರ್ ಸಾಲದು. ಡೀಸೆಲ್ ಕಡಿಮೆ ಸುತ್ತಿನಲ್ಲೇ ಬಲ ಕೊಡುವುದರಿಂದ ಗೇರ್, ಡಿಫರೆನ್ಶಿಯಲ್ ಹಲ್ಲುಗಳ ಲೆಕ್ಕ ಬದಲಾಗಬೇಕು. ಎಲ್ಲಕ್ಕಿಂತ ಮುಖ್ಯ ಬ್ರೇಕು. ಹಳೆಯ ಗಾಡಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಎಲ್ಲಕ್ಕೂ ಒಂದೇ ಎಣ್ಣೆಯ ದಾರಿ. ಎಲ್ಲೋ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಹೋದವು. ಈಗ ಮುಂದೆ ಡಿಸ್ಕ್, ಜೊತೆಗೆ ಬೂಸ್ಟರ್. ಪೆಟ್ರೋಲ್ ಎಂಜಿನ್ ತಾನೇ ಗಾಳಿ ಎಳೆದು ಬೂಸ್ಟರಿಗೆ ಬಲ ಕೊಡುತ್ತದೆ. ಡೀಸೆಲ್ಲಿಗೆ ಅದು ಬರುವುದಿಲ್ಲ, ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಇಷ್ಟೆಲ್ಲ ಮಾಡದೆ ಬರೀ ಎಂಜಿನ್ ಬದಲಿಸಿದ ಗಾಡಿ ಜೋರಾಗಿ ಓಡುತ್ತದೆ, ಆದರೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಗಾಡಿ ರಸ್ತೆಗೆ ಬಂದ ಮೇಲೆ ಹಳೆಯ ವಾಹನ ಸಂಗ್ರಹಿಸುವ ಒಬ್ಬರು ಬೆಳಗಾವಿ ಕಡೆಯಿಂದ ನೋಡಲು ಬಂದರು. ಬಾನೆಟ್ ಪೆಟ್ಟಿಗೆ ತೆರೆದು ನೋಡಿ ಬೇಸರಪಟ್ಟರು. ಒರಿಜಿನಲ್ ಹಾಳು ಮಾಡಿದಿರಿ, ಇನ್ನು ಇದಕ್ಕೆ ಬೆಲೆ ಇಲ್ಲ ಎಂದರು. ಅವರ ಲೆಕ್ಕದಲ್ಲಿ ಅದು ಸರಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿಗೆ ಮಾತ್ರ 'ವಿಂಟೇಜ್' ಎಂಬ ಮಾನ್ಯತೆ. ಅದರ ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆ ದುಡಿಮೆಗಾಗಲಿ ರಸ್ತೆಗೆ ಇಳಿಸುವಂತಿಲ್ಲ. ಮೂಲದ ಗೌರವ ಬೇಕಾದರೆ ದುಡಿಮೆ ಬಿಡಬೇಕು.

ಅವರು ಹೋದ ಮೇಲೆ ತಮ್ಮ ನನಗೊಂದು ಮಾತು ಹೇಳಿದ. ಆ ಗಾಡಿ ಮೊದಲು ಒಬ್ಬ ಸಾವುಕಾರರದು. ನಮ್ಮ ಕಾಕಾ ಅದರಲ್ಲಿ ಹಮಾಲಿ ಮಾಡುತ್ತಿದ್ದರು, ಮಹಾಲಿಂಗಪುರದ ಪೇಟೆಗೆ ಬೆಲ್ಲ ಹೇರಿಕೊಂಡು ಹೋಗುತ್ತಿದ್ದರು. ಡ್ರೈವರನ ಪಕ್ಕದ ಸೀಟು ಖಾಲಿ ಇದ್ದರೂ ಅವರಿಗೆ ಅಲ್ಲಿ ಕೂರುವ ಅನುಮತಿ ಇರಲಿಲ್ಲ. ಮಳೆ ಬಂದರೆ ಹಿಂದೆ, ಬೆಲ್ಲದ ಜೊತೆ, ತಾಡಪತ್ರಿ ಕೆಳಗೆ. "ಅಕ್ಕಾ, ಅವರಿಗೆ ಒರಿಜಿನಲ್ ಅಂದ್ರ ಮುಂದಿನ ಸೀಟು. ನಮ್ಮಪ್ಪಗ ಒರಿಜಿನಲ್ ಅಂದ್ರ ಹಿಂದಿನ ಬಾಡಿ. ನಾ ಯಾವ ಒರಿಜಿನಲ್ ಉಳಿಸಲಿ?"

ಬಂಧುಗಳೇ, ಮೂಲ ಎಂಬ ಮಾತಿನ ತೂಕ ಅದನ್ನು ಆಡುವವನು ಎಲ್ಲಿ ಕೂತಿದ್ದ ಎಂಬುದರ ಮೇಲೆ ಹೋಗುತ್ತದೆ. ಮುಧೋಳದ ಬೇಟೆ ನಾಯಿ ಕೊಳ್ಳುವಾಗ ತಳಿ ಕೇಳುತ್ತಾರೆ, ಅದು ವ್ಯಾಪಾರ. ಮನುಷ್ಯನಿಗೂ ಅದನ್ನೇ ಕೇಳಿದ ಸಮಾಜ ನಮ್ಮದು. ಸುತ್ತನಿಪಾತದ ವಸಲ ಸುತ್ತದಲ್ಲಿ ಭಿಕ್ಷೆಗೆ ಬಂದ ಭಗವಾನರನ್ನೇ ಒಬ್ಬ ಬ್ರಾಹ್ಮಣ ಹೀನನೆಂದು ಕರೆದು ದೂರ ನಿಲ್ಲಿಸುತ್ತಾನೆ. ಭಗವಾನರು ಕೋಪಿಸಿಕೊಳ್ಳದೆ, ಹೀನ ಎಂದರೆ ಯಾರು ಗೊತ್ತೇ ಎಂದು ಕೇಳಿ, ಒಂದೊಂದೇ ಕೃತ್ಯ ಹೇಳುತ್ತ ಹೋಗುತ್ತಾರೆ. ಆ ಪಟ್ಟಿಯಲ್ಲಿ ಒಂದು ಹುಟ್ಟೂ ಇಲ್ಲ, ಇರುವುದೆಲ್ಲ ನಡತೆ.

ಹಾಗಾದರೆ ಎಂಜಿನ್ ಬದಲಾದ ಗಾಡಿ ಅದೇ ಗಾಡಿಯೋ, ಬೇರೆಯೋ? ಗ್ರೀಕ್ ರಾಜ ಮಿಲಿಂದನಿಗೆ ಭಿಕ್ಷು ನಾಗಸೇನರು ಎರಡು ಸಾವಿರ ವರ್ಷಗಳ ಹಿಂದೆಯೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ನೀನು ರಥದಲ್ಲಿ ಬಂದೆಯಲ್ಲ, ರಥ ಯಾವುದು ತೋರಿಸು ಎಂದರು. ಮೂಕಿಯೇ? ಅಚ್ಚೇ? ಗಾಲಿಯೇ? ನೊಗವೇ? ರಾಜ ಒಂದೊಂದಕ್ಕೂ ಅಲ್ಲ ಎಂದ. ಕೊನೆಗೆ ಅವನಿಗೇ ಹೊಳೆಯಿತು: ಇವೆಲ್ಲ ಕೂಡಿದಾಗ ಬಳಸಿಕೊಳ್ಳಲು ಇಟ್ಟ ಹೆಸರು ರಥ. ಭಾಗಗಳ ಹಿಂದೆ ಬದಲಾಗದ ಒಂದು 'ಮೂಲ ರಥ' ಕೂತಿಲ್ಲ. ಅನಾತ್ಮ ಎಂಬ ಕಠಿಣ ಮಾತು ಇಷ್ಟು ಸರಳ. ನಮ್ಮೊಳಗೂ ಹುಟ್ಟಿನಿಂದ ಬಂದ, ತೊಳೆದರೂ ಹೋಗದ 'ಮೂಲ ಜಾತಿ' ಎಂಬುದು ಕೂತಿಲ್ಲ.

ಆಗ ಕೆಲವರು ಕೇಳುತ್ತಾರೆ: ಹಾಗಿದ್ದರೆ ಜಾತಿ ಪ್ರಮಾಣಪತ್ರ ಯಾಕೆ ಇಟ್ಟುಕೊಂಡಿದ್ದೀರಿ? ಶಾಲೆಯ ಸ್ಟಾಫ್ ರೂಮಿನಲ್ಲಿ ನನಗೂ ಈ ಪ್ರಶ್ನೆ ಬಂದಿದೆ. ನಾನು ಗಾಡಿಯ ಉದಾಹರಣೆಯನ್ನೇ ಕೊಡುತ್ತೇನೆ. ಎಂಜಿನ್ ಬದಲಾದರೂ ಚಾಸಿ ನಂಬರ್ ಆರ್‌ಸಿಯಲ್ಲಿ ಹಾಗೇ ಇರುತ್ತದೆ. ಗಾಡಿ ಯಾವ ಕೈಗಳಲ್ಲಿ ಹಾದು ಬಂತು ಎಂಬ ದಾಖಲೆ ಅದು. ಗಾಡಿ ಎತ್ತ ಹೋಗಬೇಕು ಎಂದು ಹೇಳುವ ಹಕ್ಕು ಆ ನಂಬರಿಗಿಲ್ಲ. ಪ್ರಮಾಣಪತ್ರವೂ ನಡೆದ ಅನ್ಯಾಯದ ದಾಖಲೆ. ದೀಕ್ಷೆಯಿಂದ ಕಾಕಾ ಹಿಂದೆ ಕೂತ ವರ್ಷಗಳು ಅಳಿಸಿಹೋಗುವುದಿಲ್ಲ. ನಮ್ಮವರು ಬೌದ್ಧರಾದದ್ದು 1956ರಲ್ಲಿ, ಪರಿಶಿಷ್ಟ ಜಾತಿಯ ಬೌದ್ಧರಿಗೆ ಕಾನೂನಿನ ಮಾನ್ಯತೆ ಬಂದದ್ದು 1990ರಲ್ಲಿ. ನಡುವಿನ 34 ವರ್ಷ ದಾಖಲೆ ಇಲ್ಲದೆ ಎಷ್ಟು ಮಕ್ಕಳ ಓದು, ನೌಕರಿ ತಪ್ಪಿರಬಹುದು ಯೋಚಿಸಿ.

ಇನ್ನು ಬಾಬಾಸಾಹೇಬರ ಮಾತು. ಕನ್ನಡದಲ್ಲಿ 'ಜೀರ್ಣೋದ್ಧಾರ' ಎಂಬ ಶಬ್ದವಿದೆ, ಹಳೆಯ ಗುಡಿಯನ್ನು ಮೊದಲಿದ್ದಂತೆಯೇ ನಿಲ್ಲಿಸುವುದು. ಅದೇ 'ಉದ್ಧಾರ' ಸೇರಿಸಿ 'ಹರಿಜನೋದ್ಧಾರ' ಎಂದರು. ಒಳಗಿನ ಯಂತ್ರ ಹಾಗೇ ಇರಲಿ, ಮೇಲೆ ಹೊಸ ಬಣ್ಣ ಹೊಡೆಯೋಣ ಎಂಬ ಲೆಕ್ಕ. ಬಾಬಾಸಾಹೇಬರು ದುರಸ್ತಿಯ ದಾರಿಯನ್ನು ಪರೀಕ್ಷಿಸದೆ ಬಿಟ್ಟವರಲ್ಲ. 1927ರಲ್ಲಿ ಮಹಾಡದ ಕೆರೆ, 1930ರಲ್ಲಿ ನಾಸಿಕದ ಕಾಳಾರಾಮ ಮಂದಿರ. ಇದು ದುರಸ್ತಿಯಾಗುವ ಯಂತ್ರವಲ್ಲ ಎಂದು ಖಚಿತವಾದ ಮೇಲೆ 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಘೋಷಿಸಿದರು. ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. 21 ವರ್ಷ ಒಂದೊಂದು ಧರ್ಮವನ್ನೂ ಬಿಚ್ಚಿ ನೋಡಿದರು. ಕೊನೆಗೆ ತಮ್ಮ ದಾರಿಗೆ ಕೊಟ್ಟ ಹೆಸರು ನವಯಾನ. ಯಾನ ಎಂದರೆ ವಾಹನ!

ಇದನ್ನು ನೋಡಿ ಕೆಲವು ಪಂಡಿತರು, ಇದು ಮೂಲ ಬೌದ್ಧವಲ್ಲ, ಹಳೆಯ ಗಾಡಿಗೆ ಯುರೋಪಿನ ಎಂಜಿನ್ ಹಾಕಿದ್ದು ಎನ್ನುತ್ತಾರೆ. ಬಾಬಾಸಾಹೇಬರು 1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲೇ ಇದಕ್ಕೆ ಉತ್ತರಿಸಿದ್ದಾರೆ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದ ತಂದಿಲ್ಲ, ತಮ್ಮ ಗುರು ಬುದ್ಧನಿಂದ ಪಡೆದದ್ದು ಎಂದರು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಇಟ್ಟ ಒರೆಗಲ್ಲನ್ನೂ ನೆನಪಿಸಿಕೊಳ್ಳಿ: ವಿವೇಕಕ್ಕೆ ಒಪ್ಪುವುದು, ಮನುಷ್ಯನ ಹಿತಕ್ಕೆ ಬರುವುದು ಬುದ್ಧವಚನ. ಹಳೆಯದು ಎಂಬ ಕಾರಣಕ್ಕೆ ಯಾವುದೂ ಉಳಿಯಲಿಲ್ಲ, ಹಳೆಯದು ಎಂಬ ಕಾರಣಕ್ಕೆ ಯಾವುದೂ ಹೋಗಲಿಲ್ಲ.

ಇಲ್ಲಿಯವರೆಗೆ ಹೊರಗಿನವರ ಪ್ರಶ್ನೆಗೆ ಉತ್ತರ ಹೇಳಿದೆವು. ಈಗ ಮಿಸ್ತ್ರಿಯ ಮಾತಿಗೆ ಬರೋಣ, ಅದು ನಮಗೆ.

22 ಪ್ರತಿಜ್ಞೆಗಳನ್ನು ಮಿಸ್ತ್ರಿಯ ಕಣ್ಣಿನಿಂದ ಓದಿ ನೋಡಿ. ಮೊದಲ ಎಂಟರಲ್ಲಿ ಹೆಚ್ಚಿನವು ಹಳೆಯದನ್ನು ಬಿಚ್ಚಿ ತೆಗೆಯುವ ಕೆಲಸ. ಒಂಬತ್ತು, ಹತ್ತರಲ್ಲಿ ಹೊಸ ಎಂಜಿನ್ ಬರುತ್ತದೆ: ಸಮಾನತೆಯಲ್ಲಿ ನಂಬಿಕೆ, ಅದಕ್ಕಾಗಿ ಪ್ರಯತ್ನ. ಮುಂದೆ ಅಷ್ಟಾಂಗ ಮಾರ್ಗ, ಹತ್ತು ಪಾರಮಿತೆ, ಕರುಣೆ. ಹದಿನಾಲ್ಕರಿಂದ ಹದಿನೇಳರವರೆಗೆ ಕಳವು, ಸುಳ್ಳು, ವ್ಯಭಿಚಾರ, ಮದ್ಯ ಬಿಡುವುದು. ಇವು ಬ್ರೇಕು. ಸ್ವಾಭಿಮಾನದ ಎಂಜಿನ್ ಕೂರಿಸಿಕೊಂಡು ಶೀಲದ ಬ್ರೇಕನ್ನು ಹಳೆಯದೇ ಬಿಟ್ಟರೆ, ಏಪ್ರಿಲ್ 14ರ ಮೆರವಣಿಗೆ ಜೋರಾಗಿರುತ್ತದೆ, ಸಂಜೆ ಮನೆಯ ಹೆಣ್ಣುಮಕ್ಕಳು ಕುಡಿದು ಬಂದ ಗಂಡಸರ ದಾರಿ ಕಾಯುತ್ತ ಕೂರುತ್ತಾರೆ.

ಹೋದ ವರ್ಷ ನನಗೆ ಗೊತ್ತಿರುವ ಎರಡು ಮನೆಗಳ ನಡುವೆ ಮದುವೆ ಮಾತು ನಡೆಯಿತು. ಎರಡೂ ದೀಕ್ಷೆ ಪಡೆದ ಮನೆ. ಎರಡರ ಗೋಡೆಯಲ್ಲೂ ಬುದ್ಧ, ಬಾಬಾಸಾಹೇಬ. ಹುಡುಗ ಓದಿದವನು, ಹುಡುಗಿ ನೌಕರಿಯಲ್ಲಿದ್ದಾಳೆ, ಇಬ್ಬರಿಗೂ ಒಪ್ಪಿಗೆ. ಚಹಾ ಮುಗಿಯುವ ಹೊತ್ತಿಗೆ ಒಬ್ಬ ಹಿರಿಯರು ಕೇಳಿದರು: "ಅಲ್ರೀ, ನೀವು ಮೂಲತಃ ಯಾವ ಕಡೆಯವರು? ಎಡನೋ, ಬಲನೋ?" ಸಂಬಂಧ ಅಲ್ಲಿಗೇ ನಿಂತಿತು.

ಹಳೆ ಗಾಡಿ ನೋಡಲು ಬಂದವರು ಕೇಳಿದ 'ಒರಿಜಿನಲ್' ಎಂಬ ಪ್ರಶ್ನೆಯೇ ಅದು. ಈ ಸಲ ಕೇಳಿದವರು ನಮ್ಮವರು, ನಮ್ಮದೇ ಪಡಸಾಲೆಯಲ್ಲಿ. ಸೌಲಭ್ಯದ ಹಂಚಿಕೆಗೆ ಸರ್ಕಾರ ಒಳಜಾತಿಯ ಲೆಕ್ಕ ಕೇಳಬಹುದು, ಅದು ಚಾಸಿ ನಂಬರಿನ ಕೆಲಸ, ಕೊಡೋಣ. ಆದರೆ ಮಗಳ ಬಾಳಿನ ದಾರಿಯನ್ನು ಆ ನಂಬರ್ ನೋಡಿ ತೀರ್ಮಾನಿಸಿದರೆ, ಇಪ್ಪತ್ತೊಂದನೆಯ ಪ್ರತಿಜ್ಞೆಯಲ್ಲಿ ಹೊಸ ಜನ್ಮ ಪಡೆದೆವು ಎಂದು ಹೇಳಿದ್ದು ಏನಾಯಿತು?

ಒಂದು ಎಚ್ಚರಿಕೆ. ಗಾಡಿಯ ಹೋಲಿಕೆ ಒಂದು ಹಂತದವರೆಗೆ ಮಾತ್ರ. ಗಾಡಿಯನ್ನು ಮಿಸ್ತ್ರಿ ಬಿಚ್ಚುತ್ತಾನೆ, ಮಿಸ್ತ್ರಿ ಜೋಡಿಸುತ್ತಾನೆ. ಮನುಷ್ಯನಿಗೆ ಹೊರಗಿನ ಮಿಸ್ತ್ರಿ ಇಲ್ಲ. ತನಗೆ ತಾನೇ ದೀಪವಾಗಿರಿ ಎಂದು ಭಗವಾನರು ಕೊನೆಯ ದಿನಗಳಲ್ಲಿ ಆನಂದನಿಗೆ ಹೇಳಿದ್ದು ಅದಕ್ಕೇ. ಎಂಬತ್ತರ ವಯಸ್ಸಿನಲ್ಲಿ ತಮ್ಮ ದೇಹವನ್ನು ಅವರು ಕಟ್ಟು ಹಾಕಿ ಓಡಿಸುವ ಹಳೆಯ ಬಂಡಿಗೆ ಹೋಲಿಸಿದ್ದರು. ಆ ಬಂಡಿಯಲ್ಲೇ ಕುಶಿನಾರದವರೆಗೆ ನಡೆದರು, ದಾರಿಯುದ್ದಕ್ಕೂ ಧಮ್ಮ ಹೇಳಿದರು.

*ಇಂದು ಮನೆಯಲ್ಲಿ ಕೂತು ಮಾತಾಡಲು:* ನಮ್ಮ ಮನೆಯ ಮಕ್ಕಳ ಮದುವೆ ಮಾತು ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಎರಡನೆಯದು ಯಾವುದು? ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಭಾನುವಾರದ ವಂದನೆಗೆ ತನ್ನಿ. ಹೆಸರು ಬರೆಯುವುದು ಬೇಡ.

ಎಲ್ಲರಿಗೂ ಮಂಗಲವಾಗಲಿ.
ನಮೋ ಬುದ್ಧಾಯ. ಜೈ ಭೀಮ್.